ಎಂಜಲುಸಿರು

ಔಷಧಗಳಿಗೆ ಬೀಗ ಬಿದ್ದು ಈಗ ಒಂಬತ್ತು ವರ್ಷ. ಎಲ್ಲ ಔಷಧಗಳಿಗಲ್ಲ, ರೋಗಾಣುಗಳನ್ನು ಕೊಲ್ಲುವ ಔಷಧಗಳಿಗೆ ಮಾತ್ರ. ನಮ್ಮ ಹಿರಿಯರೂ ನಾವೂ ಅವನ್ನು ನೆಗಡಿಗೆ, ಮೈಕೈ ನೋವಿಗೆ, ಸಾಕಿದ ಕೋಳಿಗೆ, ಕೆರೆಯ ಮೀನಿಗೆ ಎಂದು ಮನಬಂದಂತೆ ಸುರಿದೆವು. ರೋಗಾಣುಗಳು ಅವಕ್ಕೆ ಒಗ್ಗಿಹೋದವು. ಕೆಲಸ ಮಾಡುವ ಔಷಧಗಳು ನಾಲ್ಕೇ ಉಳಿದಾಗ ಸರಕಾರವು ಅವನ್ನು ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕಿತು. ಆ ಬೀಗದ ಕೈ ಯಾವ ವೈದ್ಯರ ಬಳಿಯೂ ಇಲ್ಲ. ಅದು ಉಸಿರುಗನ್ನಡಿಯ ಬಳಿ ಇದೆ.

ಉಸಿರುಗನ್ನಡಿ ಎಂದರೆ ಅಂಗೈಯಗಲದ ಒಂದು ಗಾಜಿನ ಬಿಲ್ಲೆ. ಅದರ ಮೇಲೆ ತೆಳುವಾದ ಲೇಪವಿರುತ್ತದೆ. ಒಂದೊಂದು ರೋಗಾಣುವಿಗೂ ತನ್ನದೇ ಆದ ವಾಸನೆ ಉಂಟಂತೆ. ರೋಗಿಯು ಕೊಳವೆಗೆ ಬಾಯಿಟ್ಟು ಊದಿದರೆ ನಮ್ಮ ಮೂಗಿಗೆ ಸಿಕ್ಕದ ಆ ವಾಸನೆಯನ್ನು ಲೇಪವು ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ರೋಗಾಣುವಿನ ಹೆಸರು ಪರದೆಯ ಮೇಲೆ ಮೂಡುತ್ತದೆ, ಕಪಾಟುಗಳ ಮೇಲೆ ಕಣ್ಣಿಟ್ಟಿರುವ ಜಿಲ್ಲೆಯ ಕಾವಲು ಕೇಂದ್ರಕ್ಕೂ ಮುಟ್ಟುತ್ತದೆ. ವಾರ್ಡಿನ ಕಪಾಟು ತಾನಾಗಿ ತೆರೆದು ತಕ್ಕ ಔಷಧವನ್ನು ಹೊರಗೆ ನೀಡುತ್ತದೆ. ನ್ಯುಮೋನಿಯಾ ಆದವರಿಗೆ ಆಸ್ಪತ್ರೆಯ ಹೊಸ್ತಿಲು ದಾಟಿದ ನಾಲ್ಕು ತಾಸಿನೊಳಗೆ ಮೊದಲ ಡೋಸು ಸೇರಬೇಕೆಂಬುದು ನಿಯಮ. ಗಾಜು ‘ಶುದ್ಧ’ ಎಂದು ತೋರಿಸಿದರೆ ಮಾತ್ರ ಕಪಾಟು ತೆರೆಯುವುದಿಲ್ಲ. ಆರು ತಾಸು ಕಾದು ಮತ್ತೆ ಊದಬೇಕು. ಆಗಲೂ ಶುದ್ಧ ಎಂದರೆ ಕೇಂದ್ರದ ಸಮಿತಿಯು ವಿಶೇಷ ಅನುಮತಿ ಕೊಡಬೇಕು.

ನಮ್ಮದು ಜಮಖಂಡಿಯಾಚೆಯ ಒಂದು ನೇಕಾರರ ಊರು. ಇಲ್ಲಿಯ ಧರ್ಮಾರ್ಥ ಆಸ್ಪತ್ರೆಯಲ್ಲಿ ನಾನು ಮೂವತ್ತೆರಡು ವರ್ಷ ಔಷಧ ಕೊಡುವ ಕೆಲಸ ಮಾಡಿ ನಿವೃತ್ತನಾದೆ. ಊರವರಿಗೆ ಇಂದಿಗೂ ಕಂಪೌಂಡರ್ ರಾಚಪ್ಪ.

ಹೋದ ಕಾರ್ತಿಕದಲ್ಲಿ ನನ್ನ ಹೆಂಡತಿ ಮುರಿಗೆವ್ವ ಲಿಂಗೈಕ್ಯಳಾದಳು. ಜ್ವರ, ಕೆಮ್ಮು ಎಂದು ಆಸ್ಪತ್ರೆಗೆ ಕರೆತಂದು ಉಸಿರುಗನ್ನಡಿಯ ಮುಂದೆ ಕೂಡಿಸಿದಾಗ ಅವಳು ಕೊಳವೆಯನ್ನು ಆಚೆ ಸರಿಸಿದಳು.

“ಎಲ್ಲಾರೂ ಬಾಯಿ ಇಡೂದ ಇದು. ನನ್ನ ಎಂಜಲ ಉಸಿರು ಮುಂದಿನವರಿಗೆ ಯಾಕ? ತಡೀರಿ, ಬಾಯಿ ತೊಳ್ಕೋತೀನಿ,” ಎಂದಳು.

ಕೊಳವೆಯ ತುದಿ ಪ್ರತಿಯೊಬ್ಬರಿಗೂ ಹೊಸದು, ನಡುವೆ ನೀಲಿ ಬೆಳಕು ಉಳಿದ ಭಾಗವನ್ನು ತೊಳೆಯುತ್ತದೆ ಎಂದು ನರ್ಸು ಹೇಳಿದಳು. ಮುರಿಗೆವ್ವ ಕೇಳಲಿಲ್ಲ. ನಾನು ನೀರು ತಂದೆ. ಎದುರಿನ ಅಂಗಡಿಗೆ ಓಡಿ ಲವಂಗ, ಪಚ್ಚಕರ್ಪೂರ ತಂದೆ. ಅವಳು ಮುಕ್ಕಳಿಸಿ, ಲವಂಗ ಅಗಿದು, ಶುಚಿಯಾದ ಬಾಯಿಂದ ಊದಿದಳು. ಗಾಜು ಶುದ್ಧ ಎಂದಿತು. ಆರು ತಾಸಿನ ಮೇಲೆ ಮತ್ತೆ ಹಾಗೆಯೇ ಊದಿದಳು. ಮತ್ತೆ ಶುದ್ಧ. ಮಾರನೆಯ ದಿನ ಸಮಿತಿಯ ವಿಶೇಷ ಅನುಮತಿ ಬಂದು ಕಪಾಟು ತೆರೆಯುವ ಹೊತ್ತಿಗೆ ಎರಡೂ ಶ್ವಾಸಕೋಶಗಳು ತುಂಬಿಹೋಗಿದ್ದವು. ಮೂರನೆಯ ದಿನ ಅವಳು ನನ್ನ ಕೈ ಹಿಡಿದುಕೊಂಡೇ ಹೋದಳು.

ಶಿವನ ಇಚ್ಛೆ ಎಂದುಕೊಂಡೆ.

ಕರ್ಮಾದಿಗಳು ಮುಗಿದ ಮೇಲೆ ನಾನು ಆಸ್ಪತ್ರೆಯ ಡಾಕ್ಟರ್ ಶಶಿಕಲಾ ತೇರದಾಳ ಅವರ ಬಳಿ ಹೋಗಿ, ಉಸಿರುಗನ್ನಡಿಯ ಪಕ್ಕದಲ್ಲಿ ಕೂಡಲು ಅಪ್ಪಣೆ ಬೇಡಿದೆ. ಮುರಿಗೆವ್ವನಂತೆಯೇ ಎಂಜಲಿಗೆ ಅಂಜಿ ಊದದೆ ಎದ್ದುಹೋಗುವವರು ಬಹಳ ಜನ ಇದ್ದರು. ನಾನು ಮೇಜಿನ ಮೇಲೆ ಒಂದು ತಾಮ್ರದ ಕೊಡ, ಲೋಟ, ಒಂದು ಡಬ್ಬಿಯಲ್ಲಿ ಲವಂಗ ಮತ್ತು ಪಚ್ಚಕರ್ಪೂರ ಇಟ್ಟೆ. ಅವಳ ಹೆಸರಿನಲ್ಲಿ ಒಂದು ಸೇವೆ. ಜನ ಬಾಯಿ ತೊಳೆದು ಸಮಾಧಾನದಿಂದ ಊದತೊಡಗಿದರು.

“ಈಗ ಯಾರೂ ಓಡಿಹೋಗಂಗಿಲ್ಲ ನೋಡ್ರಿ ರಾಚಪ್ಪನವರ,” ಎಂದು ಡಾಕ್ಟರು ಒಂದು ದಿನ ಹೇಳಿದರು. “ಪುಣ್ಯಾ ಕಟ್ಟಿಕೊಂಡ್ರಿ.”

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡಲಾರೆ.

ಹತ್ತು ತಿಂಗಳು ಕಳೆದವು. ಭಾದ್ರಪದದ ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಗೆ ಬಂದಾಗ ಪಡಸಾಲೆಯಲ್ಲಿ ರಾಟಿಯ ಸದ್ದಿರಲಿಲ್ಲ. ನನ್ನ ತಂಗಿ ಗುರವ್ವ ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ನನ್ನ ಮಗ ಮಹಾರುದ್ರನ ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತಿಕೊಡುವವಳು ಅವಳೇ. ಅಂದು ರಾಟಿಯ ಮುಂದೆ ಗೋಡೆಗೆ ತಲೆಯಾನಿಸಿ ಕುಳಿತಿದ್ದಳು.

“ಯಾಕ, ರಾಟಿ ಇವತ್ತ ಸೂಟಿ ತಗೊಂಡೈತೇನು?” ಎಂದೆ.

“ರಾಟಿಗೇನ ಧಾಡಿ, ಗಟ್ಟಿಮುಟ್ಟ ಐತಿ. ನನಗ ದಮ್ಮ ಹತ್ತೈತಿ.”

“ಕೆಮ್ಮು ಎಷ್ಟ ದಿನಾತು?”

“ನೂಲಿನ ಧೂಳಾ ಅಣ್ಣಾ. ಹುಟ್ಟಿದಾಗಿಂದ ಕೆಮ್ಮಾಕತ್ತೀನಿ, ನಿನಗ ಇವತ್ತ ಕೇಳಿಸ್ತು.”

ಹಣೆ ಮುಟ್ಟಿ ನೋಡಿದೆ. ಕೈ ಸುಟ್ಟಂತಾಯಿತು. ತುಟಿಯ ಬಣ್ಣ ತಿರುಗಿತ್ತು. ಮಾತಿನ ನಡುನಡುವೆ ಅವಳು ಉಸಿರನ್ನು ಹೆಕ್ಕಿ ತೆಗೆಯುತ್ತಿದ್ದಳು. ಮುರಿಗೆವ್ವನ ಆ ಮೂರು ದಿನಗಳು ನನ್ನ ಕಣ್ಣೆದುರಿಗೆ ಬಂದು ನಿಂತವು. ಮಹಾರುದ್ರ ಮಗ್ಗ ನಿಲ್ಲಿಸಿ ಆಟೋ ತಂದ.

“ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ,” ಎಂದು ಅವಳು ಅಂದಳು.

“ಬ್ಯಾಳಿ ಹಾಳಾಗಲಿ.”

“ಹಾಳಾದ್ರ ನೀನ ಉಣ್ಣಬೇಕಲ್ಲ.”

ಆಸ್ಪತ್ರೆಯ ಹೊಸ್ತಿಲು ದಾಟಿದಾಗ ಒಂಬತ್ತು ಗಂಟೆ ಹತ್ತು ನಿಮಿಷ. ನಿಯಮದ ನಾಲ್ಕು ತಾಸು ಎಂದರೆ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ ಆಗುವುದರೊಳಗೆ ಔಷಧ ಸೇರಬೇಕು. ನಾನೇ ಅವಳನ್ನು ಉಸಿರುಗನ್ನಡಿಯ ಮುಂದೆ ಕೂಡಿಸಿದೆ. ನಾನೇ ನೀರು ಕೊಟ್ಟೆ, ಡಬ್ಬಿ ತೆರೆದು ಲವಂಗ ಕೊಟ್ಟೆ. ಅವಳು ಊದಿದಳು. ಹತ್ತು ನಿಮಿಷ ಪರದೆಯನ್ನೇ ನೋಡುತ್ತ ನಿಂತೆ.

ಶುದ್ಧ.

ಡಾಕ್ಟರ್ ತೇರದಾಳ ಬಂದು ಬೆನ್ನಿಗೆ ಸ್ಟೆಥಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆಸಿದರು. ಬಲಗಡೆ ಕೆಳಗೆ ಮಬ್ಬು ಇತ್ತು. ಆದರೆ ನೇಕಾರರ ಎದೆಯ ಚಿತ್ರ ಎಂದೂ ತಿಳಿಯಾಗಿರುವುದಿಲ್ಲ. ನೂಲಿನ ಧೂಳು ಅಲ್ಲಿ ಮನೆ ಮಾಡಿರುತ್ತದೆ. ಹೀಗಾಗಿ ನಮ್ಮ ಊರಿನ ಎಕ್ಸ್‌ರೇಗಳನ್ನು ಕಾವಲು ಕೇಂದ್ರವು ಸಾಕ್ಷಿಯೆಂದು ಒಪ್ಪುವುದಿಲ್ಲ.

“ನನ್ನ ಕಿವಿ ನ್ಯುಮೋನಿಯಾ ಅಂತೈತಿ, ಗಾಜು ಇಲ್ಲ ಅಂತೈತಿ,” ಎಂದರು ಡಾಕ್ಟರು. “ಕಪಾಟು ಕೇಳೂದು ಗಾಜಿನ ಮಾತ ಒಂದ.”

“ಹಂಗಾರ ಆರು ತಾಸು ಕಾಯೂದೇನ್ರಿ?”

ಮುರಿಗೆವ್ವನ ಹಾಸಿಗೆಯ ಪಕ್ಕದಲ್ಲಿಯೂ ನಾವಿಬ್ಬರೇ ಹೀಗೆ ನಿಂತಿದ್ದೆವು. ಅವರು ಗುರವ್ವನಿಗೆ ಆಮ್ಲಜನಕ ಹಚ್ಚಿಸಿ, ಕಾವಲು ಕೇಂದ್ರಕ್ಕೆ ಕರೆ ಮಾಡಲು ತಮ್ಮ ಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ.

ಗೋಡೆಯ ಪರದೆಯ ಮೇಲೆ ಕೇಂದ್ರದ ಕೋಣೆ ಕಾಣಿಸಿತು. ಒಂದು ಗೋಡೆಯ ತುಂಬ ಜಿಲ್ಲೆಯ ನಕಾಶೆ. ಅದರಲ್ಲಿ ನೂರಾರು ದೀಪಗಳು. ಒಂದೊಂದು ದೀಪ ಒಂದೊಂದು ಕಪಾಟು, ತೆರೆದದ್ದು ಹಸಿರು, ಮುಚ್ಚಿದ್ದು ಕೆಂಪು. ನಕಾಶೆಯ ಮುಂದೆ ತಬಸ್ಸುಮ್ ಮುಲ್ಲಾ ಎಂಬ ಅಧಿಕಾರಿ ಕುಳಿತಿದ್ದಳು. ಮೂವತ್ತರ ಆಚೀಚೆಯ ಹುಡುಗಿ, ಕಣ್ಣಿನ ಕೆಳಗೆ ಕಪ್ಪು.

“ವಿಶೇಷ ಅನುಮತಿ ಬೇಕು, ಈಗಿಂದೀಗ,” ಎಂದರು ಡಾಕ್ಟರು.

“ನನಗ ಆ ಅಧಿಕಾರ ಇಲ್ಲ ಡಾಕ್ಟರ. ಎರಡು ಸಲ ಶುದ್ಧ ಬಂದಮ್ಯಾಲ ಸಮಿತಿ ನೋಡ್ತೈತಿ. ಅಂದ್ರ ನಾಳೆ.”

“ನಾಳೆ ತನಕಾ ಆಕಿ ಇರಬೇಕಲ್ಲ!”

ತಬಸ್ಸುಮ್ ತಲೆ ತಗ್ಗಿಸಿದಳು. ಮತ್ತೆ ಎತ್ತಿದಳು. “ಫೋನ್ ಇಡಬ್ಯಾಡ್ರಿ. ನಿಮ್ಮ ಆಸ್ಪತ್ರಿ ಸಲುವಾಗಿ ನಾನು ಒಂದು ತಿಂಗಳಿಂದ ತಲಿ ಕೆಡಿಸ್ಕೊಂಡೀನಿ. ಹೋದ ವರ್ಷದ ತನಕಾ ನಿಮ್ಮ ಗಾಜು ಉಳಿದವರದಂಗ ಇತ್ತು. ಆಮ್ಯಾಲಿಂದ ಎಲ್ಲಾರಿಗೂ ಶುದ್ಧ, ಶುದ್ಧ, ಶುದ್ಧ. ಮೂರು ಸಲ ಯಂತ್ರ ಬದಲಿ ಮಾಡೀವಿ. ಅಲ್ಲೆ ಯಾರು ಊದಸ್ತಾರ?”

“ನಾನವ್ವಾ,” ಎಂದು ಮುಂದೆ ಬಂದೆ.

“ಅಜ್ಜಾರ, ರೋಗಿ ಕುರ್ಚಿ ಮ್ಯಾಲ ಕುಂತಲ್ಲಿಂದ ಊದೂ ತನಕಾ ಏನೇನ ಮಾಡ್ತೀರಿ? ಒಂದೂ ಬಿಡದಂಗ ಹೇಳ್ರಿ.”

ನಾನು ಹೇಳಿದೆ. ತಾಮ್ರದ ಕೊಡವನ್ನು ದಿನಾ ಹುಣಸೆಹಣ್ಣು ಹಚ್ಚಿ ಬೆಳಗುವುದನ್ನೂ ಬಿಡಲಿಲ್ಲ. ನೀರು ಕೊಡುತ್ತೇನೆ, ಮೂರು ಸಲ ಮುಕ್ಕಳಿಸುತ್ತಾರೆ, ಲವಂಗ ಕೊಡುತ್ತೇನೆ, ಮೇಲೆ ಒಂದು ಚೂರು ಪಚ್ಚಕರ್ಪೂರ, ಅಗಿದ ಮೇಲೆ ಊದುತ್ತಾರೆ. ನನ್ನ ದನಿಯಲ್ಲಿ ಹೆಮ್ಮೆಯೂ ಇದ್ದಿರಬೇಕು.

ತಬಸ್ಸುಮ್ ಪರದೆಯ ಹತ್ತಿರಕ್ಕೆ ಬಾಗಿದಳು.

“ಲವಂಗ ಎಷ್ಟ ಕೊಡ್ತೀರಿ?”

“ಎರಡು. ವಯಸ್ಸಾದವರಿಗೆ ಮೂರು.”

“ಯಾಕ್ರಿ ಅಜ್ಜಾರ?”

“ಎಂಜಲ ಉಸಿರು ಮುಂದಿನವರಿಗೆ ತಟ್ಟಬಾರದಲ್ಲವ್ವಾ.”

ಅವಳು ಎರಡೂ ಕೈಗಳಿಂದ ಮುಖ ಒರೆಸಿಕೊಂಡಳು. “ಯಂತ್ರಕ್ಕ ಒಂದು ಪಾಠಾ ಕಲಿಸ್ಯಾರ್ರಿ,” ಎಂದು ನಿಧಾನವಾಗಿ ಹೇಳಿದಳು. “ಬಾಯಾಗ ಬಳ್ಳೊಳ್ಳಿ, ತಂಬಾಕು, ಏನರ ವಾಸನಿ ಬಂದ್ರ ಅದನ್ನ ಕಳೆದು, ಉಳಿದದ್ದನ್ನ ನೋಡು ಅಂತ. ಲವಂಗ, ಕರ್ಪೂರ ಅಂದ್ರ ದೊಡ್ಡ ವಾಸನಿ. ಅದನ್ನ ಕಳೀವಾಗ ರೋಗಾಣೂನ ಸಣ್ಣ ವಾಸನೀನೂ ಅದರ ಕೂಡ ಕಳೆದಹೋಗ್ತೈತಿ. ಮಾಡಿದವರಿಗೆ ಇದು ತಲಿಗೇ ಬಂದಿಲ್ಲ. ಊದೂಕಿಂತ ಮೊದಲ ಬಾಯಾಗ ಲವಂಗ ಯಾರು ಹಾಕ್ಕೋತಾರ ಅಂತ ಅವರು ಯಾಕ ಯೋಚನಿ ಮಾಡ್ತಾರ?”

ಅಂದು ಎದುರಿನ ಅಂಗಡಿಗೆ ಓಡಿದ್ದು ನನ್ನ ಕಾಲುಗಳು. ಲವಂಗ ಮುರಿಗೆವ್ವನ ಅಂಗೈಗೆ ಹಾಕಿದ್ದು ನನ್ನ ಕೈ. ಆಮೇಲೆ ಹತ್ತು ತಿಂಗಳು ಅದನ್ನೇ ಪುಣ್ಯವೆಂದು ಊರಿಗೆಲ್ಲ ಹಂಚಿದ್ದೆ.

“ಡಬ್ಬಿ ನಾನೂ ದಿನಾ ನೋಡತಿದ್ದೆ,” ಎಂದರು ಡಾಕ್ಟರ್ ತೇರದಾಳ. “ಹೋಗ್ತಾ ಬರ್ತಾ ಒಂದು ತಗೊಂಡು ಬಾಯಾಗ ಹಾಕ್ಕೋತಿದ್ದೆ.”

“ಅಳೂದು ಆಮ್ಯಾಲ,” ಎಂದಳು ಪರದೆಯ ಮೇಲಿನ ಹುಡುಗಿ. “ಈಗ ಹನ್ನೊಂದಾತು. ಒಂದು ತಾಸು ಬರೇ ನೀರು ಕುಡಸ್ರಿ, ಮತ್ತೇನೂ ಬ್ಯಾಡ. ಬಾಯಿ ತನ್ನ ವಾಸನಿಗೆ ತಾನ ಬರಲಿ. ಮೊದಲಿನ ಊದು ಲೆಕ್ಕಕ್ಕಿಲ್ಲ, ಇದು ಹೊಸಾ ಊದು ಅಂತ ನಾನು ಬರಕೋತೀನಿ, ಅಷ್ಟು ಅಧಿಕಾರ ನನಗೈತಿ. ಹೆಸರು ಮೂಡಿದ್ರ ಕಪಾಟು ತಾನ ತೆರೀತೈತಿ. ನಾನು ಇಲ್ಲಿಂದ ಏಳಂಗಿಲ್ಲ.”

ನಾನು ವಾರ್ಡಿಗೆ ಹೋಗುವ ಮೊದಲು ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದೆ. ಗುರವ್ವನಿಗೆ ಚಮಚದಿಂದ ಬಿಸಿನೀರು ಕುಡಿಸುತ್ತ ಕುಳಿತೆ. ಆ ಒಂದು ತಾಸಿನಲ್ಲಿ ಅವಳ ಉಸಿರು ಇನ್ನೂ ಗಿಡ್ಡವಾಯಿತು. ಮಂಪರಿನಲ್ಲಿ ನನ್ನನ್ನು ಒಮ್ಮೆ ಅಪ್ಪಾ ಎಂದು ಕರೆದಳು. ನಾನು ಹ್ಞೂಂ ಎಂದೆ. ನಾಲಗೆಯ ಮೇಲೆ ಪಂಚಾಕ್ಷರಿ ಇತ್ತು, ಆದರೆ ಅದು ಮನಸ್ಸಿಗೆ ಇಳಿಯಲಿಲ್ಲ. ಕಣ್ಣೆಲ್ಲ ಗಡಿಯಾರದ ಮೇಲಿತ್ತು.

ಹನ್ನೆರಡು ಹೊಡೆಯಿತು. ಡಾಕ್ಟರು ಉಸಿರುಗನ್ನಡಿಯನ್ನೇ ಹಾಸಿಗೆಯ ಬಳಿಗೆ ತರಿಸಿದರು. ಗುರವ್ವ ಕಣ್ಣು ತೆರೆದು ಕೊಳವೆ ನೋಡಿದಳು. ನೋಡಿ, ಕೈ ಚಾಚಿದಳು.

“ನೀರು.”

“ನೀರು ಇಲ್ಲ. ಹಂಗ ಊದು.”

“ಬಾಯಿ ತೊಳೀದನ? ಈಗಷ್ಟ ಕೆಮ್ಮೀನಿ, ಬಾಯಿತುಂಬಾ ಕಫಾ ಐತಿ. ಹೊಲಸ.”

“ಆ ಹೊಲಸ ಬೇಕಾಗೈತಿ ಅದಕ್ಕ.”

“ಮುಂದ ಯಾರರ ಕೂಸು ಊದತೈತಿ ಅದರಾಗ. ನಾ ಒಲ್ಲೆ.” ಅವಳು ತುಟಿ ಬಿಗಿದು ಮುಖ ತಿರುಗಿಸಿದಳು. ಜ್ವರದಲ್ಲಿಯೂ ಹಟ ಹಾಗೆಯೇ ಇತ್ತು. ತುದಿ ಹೊಸದು ಎಂದು ಡಾಕ್ಟರು ಹೇಳಿದರು, ನೀಲಿ ಬೆಳಕು ಎಂದು ನರ್ಸು ಹೇಳಿದಳು. ಅವಳು ಅಲುಗಲಿಲ್ಲ. ಒತ್ತಾಯದಿಂದ ಯಾರಿಗಾದರೂ ಉಣ್ಣಿಸಬಹುದೇನೋ, ಊದಿಸಲಾಗದು.

“ಗುರವ್ವಾ,” ಎಂದೆ. “ಲಿಂಗ ಕಟ್ಟಿದವರಿಗೆ ಎಂಜಲಿನ ಸೂತಕ ಇಲ್ಲ ಅಂತ ಮಠದಾಗ ಪುರಾಣ ಕೇಳಿಲ್ಲೇನ ನೀನು?”

“ಪುರಾಣದಾಗ ಕೇಳೀನಿ,” ಎಂದಳು ಏದುಸಿರಿನಲ್ಲಿ. “ಮನ್ಯಾಗ ನೋಡಿಲ್ಲ.”

ನರ್ಸು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಗುರವ್ವ ಹೇಳಿದ್ದು ನಿಜ. ಎಂಟು ನೂರು ವರ್ಷದಿಂದ ಶರಣರು ಹೇಳಿದ್ದನ್ನು ನಾವು ಕೇಳಿದ್ದೇವೆ, ಕೈ ಮುಗಿದಿದ್ದೇವೆ, ಮನೆಗೆ ಬಂದು ಲೋಟಗಳನ್ನು ಬೇರೆ ಬೇರೆ ಇಟ್ಟಿದ್ದೇವೆ. ಗಡಿಯಾರದಲ್ಲಿ ಹನ್ನೆರಡು ಗಂಟೆ ಹದಿನಾಲ್ಕು ನಿಮಿಷ.

ಆಗ ನಾನು ಕೊಳವೆಯನ್ನು ಕೈಗೆ ತೆಗೆದುಕೊಂಡೆ.

“ನಿನ್ನ ಎಂಜಲ ಮುಂದಿನವರಿಗೆ ಹೋಗ್ತೈತಿ ಅಂತ ಅಲ್ಲೇನ ನಿನ್ನ ಹೆದರಿಕಿ? ಆತು. ನಿನ್ನ ಮುಂದಿನವ ನಾನು. ನೀ ಊದು, ನಿನ್ನ ಹಿಂದ ನಾನು ಊದತೀನಿ. ನಿನ್ನ ಎಂಜಲ ನನಗ ಬರಲಿ, ಬ್ಯಾರೆ ಯಾರಿಗೂ ಹೋಗೂದು ಬ್ಯಾಡ.”

ಅವಳು ಮುಖ ಈ ಕಡೆ ತಿರುಗಿಸಿದಳು. ನನ್ನನ್ನು ಬಹಳ ಹೊತ್ತು ನೋಡಿದಳು.

“ನೀ ಬಾಯಿ ತೊಳೀತಿ.”

“ತೊಳಿಯಂಗಿಲ್ಲ.”

“ಆಣಿ?”

“ಲಿಂಗದ ಆಣಿ.”

ಅವಳು ಕೊಳವೆಗೆ ಬಾಯಿಟ್ಟಳು. ಮೊದಲ ಸಲ ಊದುವಷ್ಟರಲ್ಲಿ ಕೆಮ್ಮು ಬಂದು ಮೈಯೆಲ್ಲ ನಡುಗಿತು. ನಾನು ಬೆನ್ನಿಗೆ ಕೈಕೊಟ್ಟು ಎತ್ತಿ ಹಿಡಿದೆ. ಎರಡನೆಯ ಸಲ ತನ್ನಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಊದಿದಳು. ಗಾಜಿನ ಮೇಲೆ ಮಂಜು ಕವಿಯಿತು.

ಹತ್ತು ನಿಮಿಷ ಕಳೆಯಿತು. ಪರದೆಯ ಮೇಲೆ ಮೊದಲು ಒಂದು ಗೆರೆ, ಆಮೇಲೆ ಅಕ್ಷರಗಳು ಮೂಡಿದವು. ನ್ಯುಮೋಕಾಕಸ್. ವಾರ್ಡಿನ ತುದಿಯಲ್ಲಿ ಉಕ್ಕಿನ ಕಪಾಟು ಕಟಕ್ಕೆಂದು ತೆರೆದುಕೊಂಡಿತು. ನರ್ಸು ಓಡಿದಳು. ಡಾಕ್ಟರ ಕೈಯಲ್ಲಿದ್ದ ಫೋನಿನಿಂದ ತಬಸ್ಸುಮಳ ದನಿ ಕೇಳಿಸುತ್ತಿತ್ತು: “ಹಸಿರಾತು, ಹಸಿರಾತು!”

ಸಲಾಯಿನ್ನಿನ ನಳಿಗೆಯಲ್ಲಿ ಮೊದಲ ಹನಿ ಇಳಿದಾಗ ಹನ್ನೆರಡು ಗಂಟೆ ಮೂವತ್ತೆರಡು ನಿಮಿಷ. ಗುರವ್ವ ಅದನ್ನು ನೋಡುತ್ತಿರಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು. ನಾನು ಕೊಳವೆಗೆ ಬಾಯಿಟ್ಟು ಊದಿದೆ. ಆಮೇಲೆ ಅವಳು ಕಣ್ಣು ಮುಚ್ಚಿದಳು.

ಮೂರನೆಯ ದಿನ ಜ್ವರ ಇಳಿಯಿತು. ಗಂಜಿಯ ಬಟ್ಟಲು ಹಿಡಿದು ಅವಳ ಪಕ್ಕದಲ್ಲಿ ಕುಳಿತು ಮುರಿಗೆವ್ವನ ಸಂಗತಿಯನ್ನೆಲ್ಲ ಹೇಳಿದೆ. ಲವಂಗ ತಂದವನು ನಾನು ಎಂದೆ. ಅವಳು ಮೇಲ್ಛಾವಣಿಯನ್ನು ನೋಡುತ್ತ ಕೇಳಿದಳು.

“ವೈನಿ ಬಾಯಿ ತೊಳೀದ ದೇವರ ಕೂಡ ಸೈತ ಮಾತಾಡತಿರಲಿಲ್ಲ,” ಎಂದಳು ಕೊನೆಗೆ. “ನೀ ತರಲಿಲ್ಲಂದ್ರ ನನ್ನ ಓಡಸತಿದ್ದಳು. ನಾ ತರತಿದ್ದೆ.”

ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

“ಅಳಬ್ಯಾಡ ಅನ್ನಂಗಿಲ್ಲ, ಅಳು,” ಎಂದಳು ಗುರವ್ವ. “ಆದ್ರ ಒಂದು ಕೈಲೆ ಗಂಜಿ ಕುಡಸು. ತಣ್ಣಗಾಗಾಕತ್ತೈತಿ.”

ನಾನು ಬೇಡಿಕೊಂಡ ಮೇಲೆ ತಬಸ್ಸುಮ್ ಹತ್ತು ತಿಂಗಳ ಪಟ್ಟಿಯನ್ನು ಓದಿ ಹೇಳಿದಳು. ನನ್ನ ಸೇವೆಯಿಂದ ಹನ್ನೊಂದು ಮಂದಿಗೆ ಔಷಧ ತಡವಾಗಿತ್ತು. ಒಂಬತ್ತು ಮಂದಿ ಉಳಿದರು. ಇಬ್ಬರು ಉಳಿಯಲಿಲ್ಲ. ಆ ಎರಡು ಮನೆಗಳಿಗೆ ನಾನೇ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಂದು ಮನೆಯಲ್ಲಿ ಕೂಡಿಸಿ ನೀರು ಕೊಟ್ಟರು. ಇನ್ನೊಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಎರಡೂ ನ್ಯಾಯವೆಂದೇ ತಿಳಿದು ಬಂದೆ. ಆ ಇಬ್ಬರ ಹೆಸರನ್ನು ದಿನಾ ಪೂಜೆಯಲ್ಲಿ ಮುರಿಗೆವ್ವನ ಹೆಸರಿನ ಜೊತೆ ಹೇಳಿಕೊಳ್ಳುತ್ತೇನೆ. ಕ್ಷಮಿಸು ಎಂದು ಶಿವನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಯಂತ್ರಕ್ಕೆ ಹೊಸ ಪಾಠ ಕಲಿಸುವುದಾಗಿ ಮೇಲಿನವರು ಬರೆದರು. ಅದಕ್ಕೆ ಒಂದು ವರ್ಷ ಬೇಕಂತೆ. ಅಲ್ಲಿಯವರೆಗೆ ಜನ ಬಾಯಿ ತೊಳೆಯದೆ ಊದಬೇಕು. ಆದರೆ ಕೊಡ, ಡಬ್ಬಿ ತೆಗೆದ ವಾರದಲ್ಲಿಯೇ ಜನ ಮತ್ತೆ ಎದ್ದುಹೋಗತೊಡಗಿದರು. ಗೋಡೆಗೆ ಹಚ್ಚಿದ ಸೂಚನೆಯನ್ನು ಯಾರೂ ಓದಲಿಲ್ಲ. ನಾನು ಡಾಕ್ಟರ್ ತೇರದಾಳ ಅವರ ಬಳಿ ಹೋದೆ.

“ನನ್ನ ಕುರ್ಚಿ ಮತ್ತ ಅಲ್ಲೇ ಹಾಕಿಸ್ರಿ.”

“ಅಲ್ಲೆ ಕುಂತು ಏನ ಮಾಡ್ತೀರಿ?”

ಹೇಳಿದೆ. ಅವರು ಮೊದಲು ಬೇಡವೆಂದರು. ಆಮೇಲೆ, ಪ್ರತಿ ಸಲ ತುದಿ ಬದಲಿಸಬೇಕು, ನೀಲಿ ಬೆಳಕು ಆರುವ ತನಕ ಕಾಯಬೇಕು, ವಾರಕ್ಕೊಮ್ಮೆ ನಿಮ್ಮ ಎದೆ ನಾನು ಪರೀಕ್ಷಿಸಬೇಕು ಎಂದು ಮೂರು ಷರತ್ತು ಹಾಕಿದರು.

ಸೋಮವಾರ ಬೆಳಿಗ್ಗೆ ಸಾಲು ಉದ್ದವಿತ್ತು. ಮೊದಲು ಬಂದವನು ಬಣ್ಣ ಹಾಕುವ ಕೆಲಸದ ಒಬ್ಬ ಮುದುಕ. ಕೈಗಳು ಮೊಣಕೈಯವರೆಗೆ ನೀಲಿ. ಕುರ್ಚಿಯ ಅಂಚಿನಲ್ಲಿ ಕುಳಿತು ಕೊಳವೆಯನ್ನು ನೋಡಿ ಹಿಂದೆ ಸರಿದ.

“ನನ್ನ ಬಾಯಿ ಚೊಲೊ ಇಲ್ರಿ. ಮುಂದಿನವರಿಗೆ ಯಾಕ ತ್ರಾಸ?”

“ಮುಂದಿನವ ನಾನ ಅದೀನಪಾ,” ಎಂದೆ. “ನೀನು ಊದು. ನಿನ್ನ ಹಿಂದ ನಾನು ಊದತೀನಿ.”

ಅವನು ನನ್ನ ಹಣೆಯ ವಿಭೂತಿಯನ್ನು ನೋಡಿದ. ಕೊರಳ ಲಿಂಗವನ್ನು ನೋಡಿದ. ನಂಬಲಾರದೆ ನಂಬಿ ಊದಿದ. ಬೆಳಕು ಆರಿದ ಮೇಲೆ ನಾನು ಅವನ ಕಣ್ಣೆದುರಿಗೇ ಊದಿದೆ. ಅವನ ಹಿಂದೆ ಕೂಸನ್ನು ಹೊತ್ತ ಒಬ್ಬ ಹೆಣ್ಣುಮಗಳು, ಅವಳ ಹಿಂದೆ ಇನ್ನಾರೋ. ಹನ್ನೆರಡನೆಯವರು ಊದಿ ಎದ್ದುಹೋಗುವ ಹೊತ್ತಿಗೆ ನನಗೆ ಸ್ವಲ್ಪ ತಲೆ ತಿರುಗಿತು. ಸಾಲಿನಲ್ಲಿದ್ದ ಒಬ್ಬ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು:

“ದಮ್ಮ ಉಳದೈತೇನ್ರಿ ಅಜ್ಜಾರ, ಇನ್ನ?”

“ಐತಿ,” ಎಂದೆ. “ಬಾರವ್ವಾ, ಕೂಡು.”